ಹನ್ನೊಂದು ಕಳ್ಳತನ, ಒಬ್ಬ ಷಡ್ಡಕ

"ಒಂದು ಏಟು ಹೊಡೆಯದೆ, ಒಂದು ಕೆಟ್ಟ ಮಾತಾಡದೆ, ಕೂತ ಕುರ್ಚಿಯಿಂದ ಏಳದೆ ಷಡ್ಡಕನನ್ನು ಈ ಬೀದಿಯಿಂದ ದೂರ ಇಡುತ್ತೇನೆ!"

ಗುಮಾಸ್ತರು ಹೀಗೆ ಶಪಥ ಮಾಡಿದ್ದು ಒಂದು ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ, ಬಚ್ಚಲುಮನೆಯ ಕನ್ನಡಿಯ ಮುಂದೆ, ಮುಖದ ತುಂಬ ಸೋಪಿನ ನೊರೆ ಹಚ್ಚಿಕೊಂಡು. ಕನ್ನಡಿಯೊಳಗಿದ್ದವನು ಭಲೇ ಎಂಬಂತೆ ತಲೆಯಾಡಿಸಿದ. ಅಷ್ಟರಲ್ಲಿ ರೇಜರು ಜಾರಿ ಗಲ್ಲದ ಮೇಲೆ ಒಂದು ಹನಿ ರಕ್ತ ಮೂಡಿತು. ಮಹಾಕಾರ್ಯವೆಂದ ಮೇಲೆ ಇಷ್ಟಾದರೂ ರಕ್ತ ಹರಿಯಬೇಡವೇ ಎಂದು ಗುಮಾಸ್ತರು ಸಮಾಧಾನ ಮಾಡಿಕೊಂಡರು.

ಶಪಥದ ಕಾರಣ ಹತ್ತು ನಿಮಿಷ ಮೊದಲಷ್ಟೇ ಬಾಗಿಲಾಚೆಯಿಂದ ಬಂದಿತ್ತು.

"ರೀ, ಎದುರುಮನೆ ಪಿಟೀಲು ಟೀಚರ್ ಮನೆ ಮಾರ್ತಾರಂತೆ. ಅಕ್ಕ-ಭಾವ ನೋಡಕ್ಕೆ ಬರ್ತಿದಾರೆ!"

"ಯಾವ ಅಕ್ಕ?"

"ನನಗೆಷ್ಟು ಜನ ಅಕ್ಕಂದಿರು ಇದಾರೆ?"

ಒಬ್ಬಳೇ. ಆ ಒಬ್ಬಳೇ ಅಕ್ಕನ ಗಂಡನೇ ಡ್ರಿಲ್ ಮಾಸ್ತರು. ಮೂವತ್ನಾಲ್ಕು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಿ, ಬಗ್ಗಿಸಿ, ನೆಗೆಸಿ ನಿವೃತ್ತರಾದವರು. ಮೈದಾನ ಬಿಟ್ಟರೂ ಮೈದಾನದ ದನಿ ಅವರನ್ನು ಬಿಟ್ಟಿರಲಿಲ್ಲ. ಊಟಕ್ಕೆ ಕೂತು "ಸ್ವಲ್ಪ ಉಪ್ಪು" ಎಂದರೆ ಅಕ್ಕಪಕ್ಕದ ನಾಲ್ಕು ಮನೆಯವರು ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದರು.

ಹಿಂದಿನ ವರ್ಷ ಅವರು ನಾಲ್ಕು ದಿನ ಬಂದು ಉಳಿದಿದ್ದರು. ನಾಲ್ಕು ದಿನವೂ ಬೆಳಗ್ಗೆ ಐದೂವರೆಗೆ ಗುಮಾಸ್ತರ ಕಂಬಳಿ ತಾನಾಗಿ ಹಾರಿಹೋಗುತ್ತಿತ್ತು.

"ಏಳಯ್ಯಾ! ಸೊಂಟ ಇರೋದು ಯಾತಕ್ಕೆ? ಬಗ್ಗಿಸಕ್ಕೆ! ಒಂದ್... ಎರಡ್...!"

ಗುಮಾಸ್ತರ ಪ್ರಕಾರ ಸೊಂಟ ಇರುವುದು ಪ್ಯಾಂಟು ಜಾರದಿರಲಿ ಅಂತ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅದು ಆ ಒಂದೇ ಕೆಲಸವನ್ನು ನಿಷ್ಠೆಯಿಂದ ಮಾಡಿಕೊಂಡು ಬಂದಿತ್ತು. ನಾಲ್ಕನೆಯ ದಿನ ಅವರು ಕಚೇರಿಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಹತ್ತಿದಾಗ ಜವಾನ ಓಡಿ ಬಂದು ಕೈ ಹಿಡಿದಿದ್ದ. ಅಂಥವರು ನಾಲ್ಕು ದಿನಕ್ಕಲ್ಲ, ನಾಲ್ಕು ಹೆಜ್ಜೆ ದೂರದಲ್ಲಿ, ಎದುರುಮನೆಯಲ್ಲಿ, ಖಾಯಂ ಆಗಿ ನೆಲೆಸುವುದೆಂದರೆ!

ಗುಮಾಸ್ತರು ಕೆಟ್ಟವರಲ್ಲ. ಅವರಿಗೆ ಬದುಕಿನಲ್ಲಿ ಇದ್ದ ಆಸೆ ಒಂದೇ, ಭಾನುವಾರ ಒಂಬತ್ತು ಗಂಟೆಯವರೆಗೆ ಮಲಗುವುದು. ಅದನ್ನು ಉಳಿಸಿಕೊಳ್ಳುವ ಆಯುಧವೂ ಅವರ ಕೈಯಲ್ಲೇ ಇತ್ತು. ಅವರಿದ್ದದ್ದು ವಿಮಾ ಕಚೇರಿಯ ಕಳ್ಳತನ ವಿಭಾಗದಲ್ಲಿ. ಊರಿನಲ್ಲಿ ಯಾರ ಮನೆಯ ಬೀಗ ಒಡೆದರೂ ಅದರ ಕಾಗದ ಅವರ ಮೇಜಿಗೆ ಬಂದು, ಅವರ ಮೊಹರು ಹಾಕಿಸಿಕೊಂಡೇ ಮುಂದೆ ಹೋಗಬೇಕು. ಯಾವ ಬೀದಿಯಲ್ಲಿ ವರ್ಷಕ್ಕೆ ಎಷ್ಟು ಕಳ್ಳತನ ಎಂಬುದು ಅವರ ನಾಲಗೆಯ ತುದಿಯಲ್ಲಿತ್ತು. ಸಹೋದ್ಯೋಗಿಗಳು ಪ್ರೀತಿಯಿಂದ 'ಕಳ್ಳರ ಗುಮಾಸ್ತ' ಎಂದೇ ಕರೆಯುತ್ತಿದ್ದರು.

ಸೋಮವಾರ ಊಟದ ಬಿಡುವಿನಲ್ಲಿ ಅವರು ಒಂದು ಬಿಳಿ ಹಾಳೆ ತೆಗೆದರು. ಕಚೇರಿಯದಲ್ಲ, ಸ್ವಂತದ್ದು. ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸ್ಕೇಲಿಟ್ಟು ಗೆರೆ ಎಳೆದು, ಸುತ್ತಮುತ್ತಲಿನ ಬೀದಿಗಳನ್ನೆಲ್ಲ ಒಂದರ ಕೆಳಗೆ ಒಂದು ಬರೆದು, ಹಿಂದಿನ ವರ್ಷ ಎಲ್ಲೆಲ್ಲಿ ಎಷ್ಟು ಕಳ್ಳತನವಾಯಿತೆಂದು ತುಂಬಿದರು. ಸಂತೆಬೀದಿ ಏಳು. ಸ್ಟೇಷನ್ ರಸ್ತೆ ಒಂಬತ್ತು. ತಮ್ಮ ಬೀದಿಗೆ ಬಂದಾಗ ಪೆನ್ನು ನಿಂತಿತು.

ಒಂದು.

ಅದೂ ಎಂಥದ್ದು? ಮೂಲೆಯ ಟೈಲರನ ಸೈಕಲ್ ಪಂಪು! ಈ ಬೀದಿಯಲ್ಲಿ ಕಳ್ಳರೂ ಬರಲು ಬೇಜಾರು ಪಡುತ್ತಾರೆ ಎಂಬಂತಿತ್ತು ಆ ಅಂಕಿ. ಇದನ್ನು ಷಡ್ಡಕನಿಗೆ ತೋರಿಸಿದರೆ ಆತ ನಾಳೆಯೇ ಹಾಸಿಗೆ ಸುತ್ತಿಕೊಂಡು ಬಂದಾನು.

ಗುಮಾಸ್ತರು ಅದನ್ನೇ ನೋಡುತ್ತ ಕೂತರು. ಅಷ್ಟು ದೊಡ್ಡ ಚೌಕದಲ್ಲಿ ಆ ಒಂದು ಒಂಟಿಯಾಗಿ ನಿಂತಿತ್ತು. ಪಾಪ ಅನ್ನಿಸಿತು. ಅದರ ಪಕ್ಕದಲ್ಲಿ ಜೊತೆಗೆಂದು ಇನ್ನೊಂದು ಒಂದನ್ನು ನಿಲ್ಲಿಸಿದರು.

ಹನ್ನೊಂದು!

"ನಾನು ಸುಳ್ಳು ಬರೆಯಲಿಲ್ಲ. ಒಂದರ ಪಕ್ಕ ಒಂದು ಬರೆದೆ, ಅಷ್ಟೆ" ಎಂದು ಮನಸ್ಸಾಕ್ಷಿಗೆ ತಿಳಿಸಿದರು. ಮನಸ್ಸಾಕ್ಷಿಯೂ ಇಪ್ಪತ್ತಾರು ವರ್ಷ ಅದೇ ಕಚೇರಿಯಲ್ಲಿ ಕೂತದ್ದು, ಹೆಚ್ಚು ವಾದ ಮಾಡಲಿಲ್ಲ. ಹೀಗೆ ಕಳ್ಳರ ಲೆಕ್ಕ ಒಂದೇ ಗೀಟಿನಲ್ಲಿ ಕಳ್ಳಲೆಕ್ಕವಾಯಿತು.

ಸಂಜೆ ಹಾಳೆಯನ್ನು ಹೆಂಡತಿಯ ಮುಂದೆ ಹರಡಿದರು.

"ನೋಡೇ. ಇಷ್ಟು ದಿನ ಹೇಳಿರಲಿಲ್ಲ. ನೀನು ಹೆದರ್ತೀಯ ಅಂತ."

ಹೆಂಡತಿ ಕನ್ನಡಕ ಹಾಕಿಕೊಂಡು ಓದಿದಳು. ಮತ್ತೆ ಓದಿದಳು.

"ನಮ್ಮ ಬೀದೀಲಾ? ಹನ್ನೊಂದಾ? ಸ್ಟೇಷನ್ ರಸ್ತೆಗಿಂತ ಜಾಸ್ತೀನಾ?"

"ಅಂಕಿ ನಾನು ಹೇಳ್ತಿಲ್ಲ. ಅಂಕಿ ತಾನೇ ಹೇಳ್ತಿದೆ."

"ಮತ್ತೆ ಯಾರ ಮನೇಲಿ ಕಳುವಾಯ್ತು ಅಂತ ಯಾರೂ ಹೇಳೇ ಇಲ್ಲ!"

"ಮರ್ಯಾದಸ್ಥರು ಕಳುವಾದ್ರೆ ಹೇಳ್ಕೋತಾರೇನೇ? ಒಳಗೊಳಗೇ ನುಂಗ್ಕೋತಾರೆ. ಅಕ್ಕನಿಗೆ ಫೋನ್ ಮಾಡಿ ಒಂದು ಮಾತು ಹೇಳಿಬಿಡು. ವಯಸ್ಸಾದೋರು, ಪಾಪ, ಯಾಕೆ ಈ ಅಪಾಯ?"

ಹೆಂಡತಿ ಫೋನ್ ಮಾಡಿದಳು. ಬುಧವಾರ ಮಧ್ಯಾಹ್ನ, ಇವರಿಬ್ಬರೂ ಕೆಲಸದಲ್ಲಿದ್ದಾಗ, ಅಕ್ಕ-ಭಾವ ಬಂದು ಮನೆ ನೋಡಿಕೊಂಡು ಹೋದರು. ಅವತ್ತು ಸಂಜೆ ಹೆಂಡತಿ ಹೇಳಿದಳು.

"ಬೇಡ ಅಂತ ಬಿಟ್ರಂತೆ ರೀ. ಯಾಕೆ ಅಂದ್ರೆ..."

ಗುಮಾಸ್ತರು ಕೈಯೆತ್ತಿ ತಡೆದರು. ಗೆದ್ದು ಬಂದ ಸೇನಾಪತಿ ಕೂಡ ಅಷ್ಟು ಗಂಭೀರವಾಗಿ ಕೈ ಎತ್ತಿರಲಾರ. "ಕಾರಣ ನನಗೆ ಗೊತ್ತು. ಬಿಡು."

ಆ ಭಾನುವಾರ ಅವರು ಹತ್ತೂವರೆವರೆಗೆ ಮಲಗಿದರು.

ಆದರೆ ಗುಮಾಸ್ತರು ಒಂದು ವಿಷಯ ಮರೆತಿದ್ದರು. ಅವರ ಹೆಂಡತಿ ಕೆಲಸ ಮಾಡುತ್ತಿದ್ದದ್ದು ಬೀದಿಯ ಮೂಲೆಯ ಔಷಧಿ ಅಂಗಡಿಯಲ್ಲಿ. ಕೆಮ್ಮಿನವರು, ಮಂಡಿನೋವಿನವರು, ಮಗುವಿನ ಜ್ವರ ಇಳಿಯದವರು, ಏನೂ ಇಲ್ಲದೆ ಸುಮ್ಮನೆ ರಕ್ತದೊತ್ತಡ ನೋಡಿಸಿಕೊಳ್ಳುವವರು, ಬೀದಿಯವರೆಲ್ಲ ದಿನಕ್ಕೊಮ್ಮೆ ಆ ಕೌಂಟರಿನ ಮುಂದೆ ನಿಲ್ಲಲೇಬೇಕು. ಆಕೆ ಚಾಡಿ ಹೇಳುವ ಹೆಂಗಸಲ್ಲ. ಮಾತ್ರೆಯ ಪಟ್ಟಿ ಕತ್ತರಿಸುತ್ತ, "ಊಟ ಆದ್ಮೇಲೆ ಒಂದು. ಬಾಗಿಲು ಭದ್ರವಾಗಿ ಹಾಕ್ಕೊಳ್ಳಿ" ಎನ್ನುವಳು, ಅಷ್ಟೆ. "ಯಾಕಮ್ಮಾ?" ಎಂದು ಕೇಳಿದವರಿಗೆ ಉತ್ತರ ಕೊಡದಿರುವುದು ಹೇಗೆ? ಅದೂ ವಿಮಾ ಕಚೇರಿಯ ಲೆಕ್ಕ!

ಹನ್ನೊಂದು ಕಳ್ಳತನಗಳು ಕೌಂಟರಿನಿಂದ ಇಳಿದು ಬೀದಿಗೆ ಬಂದವು. ವರ್ಷಕ್ಕೆ ಹನ್ನೊಂದು ಇದ್ದದ್ದು ಪೋಸ್ಟಾಫೀಸಿನ ಹತ್ತಿರ ತಿಂಗಳಿಗೆ ಹನ್ನೊಂದಾಯಿತು. ಬೇಕರಿಯ ತಿರುವಿನಲ್ಲಿ ಹನ್ನೊಂದು ಜನರ ತಂಡವಾಯಿತು. ವಾರದೊಳಗೆ ಮನೆಮನೆಯ ಬಾಗಿಲಿಗೂ ಹೊಸ ಬೀಗ ಬಿತ್ತು. ಯಾವತ್ತೂ ಬೊಗಳದ ಒಂದು ಮುದಿ ನಾಯಿಯನ್ನು ಯಾರೋ ಗೇಟಿಗೆ ಕಟ್ಟಿದರು. ಅದು ಕಟ್ಟಿಸಿಕೊಂಡ ಅವಮಾನಕ್ಕೆ ಇನ್ನೂ ಮೌನವಾಯಿತು. ಒಣಹಾಕಿದ ಬಟ್ಟೆಗಳನ್ನು ಜನ ಕೂತು ಕಾಯತೊಡಗಿದರು. ಔಷಧಿ ಅಂಗಡಿಯಲ್ಲಿ ರಕ್ತದೊತ್ತಡದ ಯಂತ್ರ ಯಾರ ತೋಳಿಗೆ ಕಟ್ಟಿದರೂ ಮೇಲೇರುತ್ತಿತ್ತು. ಯಂತ್ರವೇ ಕೆಟ್ಟಿದೆ ಎಂದು ಅಂಗಡಿಯವರು ಹೊಸದು ತರಿಸಿದರು. ಅದೂ ಏರಿತು.

ಒಂದು ಸಂಜೆ ಟೈಲರು, ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡೇ, ಗುಮಾಸ್ತರ ಮನೆಗೆ ಬಂದ.

"ಸಾರ್, ಬೀದಿ ರಕ್ಷಣಾ ಸಮಿತಿ ಮಾಡ್ತಿದೀವಿ. ನೀವೇ ಅಧ್ಯಕ್ಷರು."

"ನಾನ್ಯಾಕಪ್ಪಾ?"

"ಲೆಕ್ಕ ನಿಮ್ಮ ಹತ್ರ ಇದೆಯಲ್ಲ ಸಾರ್! ನನ್ನ ಪಂಪು ಹೋದಾಗ ಎಲ್ಲಾರೂ ನಕ್ಕರು. ಈಗ ನೋಡಿ, ಅದು ಮೊದಲನೇದು ಅಷ್ಟೆ. ಇನ್ನೂ ಹತ್ತು!"

ಆತನ ಮುಖದಲ್ಲಿ ಎಂಥದೋ ಒಂದು ಹೆಮ್ಮೆಯಿತ್ತು. ಗುಮಾಸ್ತರು ಬೇಡ ಎನ್ನಲಾರದೆ ಹೂಂ ಎಂದರು. ಎರಡು ವಾರ ಕಳೆದರೆ ಎಲ್ಲ ತಣ್ಣಗಾಗುತ್ತದೆ ಎಂಬ ಲೆಕ್ಕ ಅವರದು.

ಎರಡು ವಾರ ಕಳೆಯಿತು. ಗುರುವಾರ ಐದೂವರೆಗೆ ಗುಮಾಸ್ತರು ಮನೆಗೆ ಬಂದು ಬೀಗಕ್ಕೆ ಕೈ ಹಾಕಿದರೆ ಕೀಲಿ ಒಳಗೆ ಹೋಗಲೇ ಇಲ್ಲ. ಬೀಗವೇ ಬೇರೆ! ಹಿತ್ತಾಳೆಯದು, ಅಂಗೈ ಅಗಲದ್ದು, ಗುಮಾಸ್ತರನ್ನು ಮೇಲಿಂದ ಕೆಳಗೆ ನೋಡುತ್ತಿರುವಂತಿತ್ತು. ಹೆಂಡತಿಗೆ ಫೋನ್ ಮಾಡಿದರು.

"ಅಯ್ಯೋ, ಮಧ್ಯಾಹ್ನ ಹಾಕಿಸಿದೆ ರೀ. ಹೇಳೋದೇ ಮರೆತೆ. ಅಂಗಡೀಲಿ ಜನ ಇದಾರೆ, ಏಳು ಗಂಟೆಗೆ ಬರ್ತೀನಿ."

"ನಾನು ಬಂದು ಕೀಲಿ ತಗೊಂಡು ಹೋಗ್ಲಾ?"

"ಬೇಡ ಬೇಡ! ಕೀಲಿ ಕೈಯಲ್ಲಿ ಹಿಡ್ಕೊಂಡು ಬೀದೀಲಿ ನಡೀತಾರಾ ಯಾರಾದ್ರೂ? ಈ ಕಾಲದಲ್ಲಿ?"

ಗುಮಾಸ್ತರು ತಮ್ಮ ಮನೆಯ ಮೆಟ್ಟಿಲ ಮೇಲೆಯೇ ಕೂತರು. ಎದುರುಮನೆಯ ಕಿಟಕಿಯಿಂದ ದನಿ ಬಂತು.

"ಏನಪ್ಪಾ, ನಿಮ್ಮ ಮನೆಗೆ ನೀವೇ ಕಾವಲಾ? ಬನ್ನಿ, ಕಾಫಿ ಕುಡೀರಿ."

ಪಿಟೀಲು ಟೀಚರು. ಅರವತ್ತೆಂಟರ ಒಂಟಿ ಹೆಂಗಸು, ಸಣ್ಣ ಮೈ, ನೆಟ್ಟನೆ ಬೆನ್ನು. ಆಕೆಯ ಬಾಗಿಲು ತೆರೆಯಲು ಬಹಳ ಹೊತ್ತು ಹಿಡಿಯಿತು. ಮೊದಲು ಒಂದು ಸರಪಳಿ ಸದ್ದಾಯಿತು, ಆಮೇಲೆ ಒಂದು ಚಿಲಕ, ಆಮೇಲೆ ಇನ್ನೊಂದು ಸರಪಳಿ, ಕೊನೆಗೆ ಬಾಗಿಲಿಗೆ ಒತ್ತಿಟ್ಟಿದ್ದ ಕಬ್ಬಿಣದ ಪೆಟ್ಟಿಗೆಯನ್ನು ಎಳೆಯುವ ಕಿರ್ರ್ ಶಬ್ದ.

"ಮಂಡಿನೋವು ಇಟ್ಕೊಂಡು ಆ ಪೆಟ್ಟಿಗೆ ಎಳೀತೀರಾ ಟೀಚರ್?" ಗುಮಾಸ್ತರು ಗಾಬರಿಯಾಗಿ ಕೇಳಿದರು.

"ಏನ್ಮಾಡೋದಪ್ಪಾ. ಹನ್ನೊಂದು ಅಂತಾರೆ."

ಹಜಾರದಲ್ಲಿ ಎಂಟು ಪುಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಮೂಲೆಗೆ ಸರಿಸಿದ್ದರು. ಈ ಹೊತ್ತಿಗೆ ಸಾಮಾನ್ಯವಾಗಿ ಎಂಟು ಪಿಟೀಲುಗಳು ಒಟ್ಟಿಗೆ ಕಿರುಚುತ್ತಿರಬೇಕು. ಅದರ ಬಗ್ಗೆ ಗುಮಾಸ್ತರು ಎಷ್ಟೋ ಸಲ ಗೊಣಗಿದ್ದರು. ಈಗ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ.

"ಮಕ್ಕಳೆಲ್ಲಿ?"

"ಕಳಿಸೋದು ನಿಲ್ಲಿಸಿದಾರೆ. ತಾಯಂದಿರದ್ದು ತಪ್ಪಿಲ್ಲ ಬಿಡಿ. ಅಂಥ ಬೀದಿಗೆ ನಾನಾಗಿದ್ರೂ ಕಳಿಸ್ತಿರಲಿಲ್ಲ."

"ಈ ಹನ್ನೊಂದು ಅನ್ನೋದನ್ನ ನೀವು ನಂಬ್ತೀರಾ?"

"ವಿಮಾ ಕಚೇರಿ ಲೆಕ್ಕವಂತೆ. ಅವರು ಸುಳ್ಳು ಹೇಳ್ತಾರಾ?"

ಕಾಫಿ ತಪ್ಪು ದಾರಿಯಲ್ಲಿ ಇಳಿಯಿತು. ಗುಮಾಸ್ತರು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು. ಟೀಚರು ಬೆನ್ನು ತಟ್ಟಿ ನೀರು ಕೊಟ್ಟರು.

"ಮನೆ ಕೊಳ್ಳಕ್ಕೆ ಮೂರು ಜನ ನೋಡಿ ಹೋಗಿದ್ರು" ಎಂದು ಆಕೆ ಮುಂದುವರಿಸಿದರು. "ಈಗ ಒಬ್ಬರೂ ಫೋನ್ ಎತ್ತಲ್ಲ. ತಂಗಿ ಮನೆಗೆ ಹೋಗ್ಬೇಕು, ಅಲ್ಲಿ ಮೆಟ್ಟಿಲು ಹತ್ತೋದಿಲ್ಲ, ಎಲ್ಲಾ ಕೆಳಗೇ. ಎಷ್ಟು ದಿನ ಕಾಯ್ಲಿ? ಮೂರರಲ್ಲಿ ಒಂದು ಭಾಗ ಬೆಲೆ ಬಿಟ್ಟುಬಿಟ್ಟೆ. ಪುಣ್ಯಕ್ಕೆ ಒಬ್ಬರು ಸಿಕ್ಕಿದಾರೆ. ಈ ಭಾನುವಾರ ಮಾತು ಮುಗಿಸ್ತಾರೆ."

"ಯಾರು?"

"ನಿಮಗೆ ಗೊತ್ತಿಲ್ವಾ? ನಿಮ್ಮ ಷಡ್ಡಕರೇ!"

ಗುಮಾಸ್ತರ ಲೋಟ ತುಟಿಯ ಹತ್ತಿರ ನಿಂತಿತು. "ಅವರು... ಬೇಡ ಅಂದಿದ್ರಲ್ಲ?"

"ಅವತ್ತು ಬೆಲೆ ಕೇಳಿ, ನಮ್ಮ ಕೈಗೆಟುಕಲ್ಲ ಟೀಚರ್, ಅಂತ ಕೈ ಮುಗಿದು ಹೋಗಿದ್ರು. ಈಗ ಇಳಿಸಿದೀನಿ ಅಂತ ಗೊತ್ತಾಗಿ ಅವರೇ ಫೋನ್ ಮಾಡಿದ್ರು."

"ಕಳ್ಳರ ಭಯ... ಇಲ್ವಂತಾ ಅವರಿಗೆ?"

"ಭಯಾನಾ?" ಟೀಚರು ಬಹಳ ದಿನಗಳ ಮೇಲೆ ನಕ್ಕರು. "'ಹನ್ನೊಂದಾ? ಸರಿಯಾಗಿ ಒಂದು ಟೀಮಾಯ್ತಲ್ಲ!' ಅಂದ್ರು."

ಗುಮಾಸ್ತರು ಲೋಟ ಕೆಳಗಿಟ್ಟರು. ತಾವು ಸುಮ್ಮನೆ ಇದ್ದಿದ್ದರೆ ಷಡ್ಡಕ ಬೆಲೆ ಕೇಳಿ ತಾನಾಗಿ ಹೊರಟುಹೋಗುತ್ತಿದ್ದ. ಅವನ ಕೈಗೆ ಎಟುಕದಿದ್ದ ಮನೆಯನ್ನು ತಾವೇ ಬಗ್ಗಿಸಿ, ಇಳಿಸಿ, ಅವನ ಅಂಗೈಗೆ ಇಟ್ಟಿದ್ದರು! ಸೊಂಟ ಬಗ್ಗಿಸದವರು ಒಂದು ಬೀದಿಯನ್ನೇ ಬಗ್ಗಿಸಿದ್ದರು.

ಆದರೆ ಅವತ್ತು ಅವರಿಗೆ ಊಟ ರುಚಿಸದೆ ಹೋದದ್ದು ಷಡ್ಡಕನಿಂದಲ್ಲ. ಮತ್ತೆ ಮತ್ತೆ ನೆನಪಾಗುತ್ತಿದ್ದದ್ದು ಆ ಕಬ್ಬಿಣದ ಪೆಟ್ಟಿಗೆಯನ್ನು ನೆಲದ ಮೇಲೆ ಎಳೆದ ಕಿರ್ರ್ ಎಂಬ ಸದ್ದು.

ಮರುದಿನ ಕಚೇರಿಯಲ್ಲಿ ಮೇಜಿನ ಮುಂದೆ ಒಬ್ಬ ದಫೇದಾರ ಬಂದು ನಿಂತ. ದಪ್ಪ ಮೀಸೆ, ಕಂಕುಳಲ್ಲಿ ಟೋಪಿ, ಮುಖದಲ್ಲಿ ನಿದ್ದೆಗೆಟ್ಟ ದುಃಖ.

"ಸಾರ್, ನಿಮ್ಮ ಬೀದೀಲಿ ಹನ್ನೊಂದು ಕಳ್ಳತನ ಆಗಿದೆಯಂತೆ. ನಮ್ಮ ಠಾಣೇಲಿ ಒಂದೇ ಇದೆ. ಮಿಕ್ಕ ಹತ್ತು ಎಲ್ಲಿ ಅಂತ ನಮ್ಮ ಸಾಹೇಬ್ರು ನನ್ನ ಪ್ರಾಣ ತಿಂತಿದಾರೆ. ದಯವಿಟ್ಟು ಆ ಹತ್ತು ಕೊಟ್ಬಿಡಿ ಸಾರ್."

"ಅದು... ಅಂದಾಜು" ಎಂದರು ಗುಮಾಸ್ತರು.

"ಅಂದಾಜಾ?" ದಫೇದಾರ ಪೆನ್ನು ತೆಗೆದ. "ಅಂದಾಜು ಕಳ್ಳನ್ನ ಎಲ್ಲಿ ಅಂತ ಹಿಡೀಲಿ ಸಾರ್? ಎತ್ತರ ಎಷ್ಟು? ಮೀಸೆ ಇದೆಯಾ?"

ಗುಮಾಸ್ತರು ಸುತ್ತ ನೋಡಿದರು. ಪಕ್ಕದ ಮೇಜುಗಳ ಟೈಪಿಂಗ್ ಸದ್ದು ಥಟ್ಟನೆ ನಿಂತಿತ್ತು. ಎಲ್ಲರ ಕಿವಿಯೂ ಈ ಕಡೆಗೇ. ಬಗ್ಗಿ, ಪಿಸುದನಿಯಲ್ಲಿ ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಹೇಳುತ್ತ ಹೋದಂತೆ ದಫೇದಾರನ ಮುಖ ಬೆಳಗುತ್ತ ಹೋಯಿತು.

"ಅಂದ್ರೆ ಇರೋದು ಒಂದೇ ಅನ್ನಿ!"

"ಒಂದೇ. ಆ ಪಂಪು."

"ಅದೂ ಇಲ್ಲ ಸಾರ್. ನಿನ್ನೆ ಟೈಲರ್ ಠಾಣೆಗೆ ಬಂದಿದ್ದ. ಕಳ್ಳರ ಭಯಕ್ಕೆ ಮಿಷನ್ನು ಗೋಡೆಯಿಂದ ಸರಿಸಿದಾಗ ಪಂಪು ಅದರ ಹಿಂದೇನೇ ಇತ್ತಂತೆ. ಯಾರಿಗೂ ಹೇಳ್ಬೇಡಿ ಅಂತ ಕೈ ಮುಗಿದ. ನಿಮ್ಮ ಬೀದಿ ಸೊನ್ನೆ ಸಾರ್, ಸೊನ್ನೆ!"

"ಹಾಗಾದ್ರೆ ನೀವೇ ಬಂದು ಜನಕ್ಕೆ ಹೇಳಿಬಿಡಿ" ಎಂದು ಗುಮಾಸ್ತರು ಆಸೆಯಿಂದ ಅಂದರು.

ದಫೇದಾರ ಟೋಪಿ ಹಾಕಿಕೊಂಡ. "ನಾವು ಹೇಳಿದ್ರೆ ಪೊಲೀಸ್ನೋರು ಮುಚ್ಚಿಹಾಕ್ತಿದಾರೆ ಅಂತಾರೆ. ಹನ್ನೊಂದು ಹೋಗಿ ಇಪ್ಪತ್ತೊಂದಾಗುತ್ತೆ. ಹುಟ್ಟಿಸಿದವರು ನೀವು. ನೀವೇ ಮಣ್ಣು ಮಾಡಿ."

ಭಾನುವಾರ ಬೆಳಗ್ಗೆ ಹತ್ತಕ್ಕೆ ಬೀದಿ ರಕ್ಷಣಾ ಸಮಿತಿಯ ಮೊದಲ ಸಭೆ. ದೊಡ್ಡ ಹಜಾರವಿದ್ದದ್ದು ಪಿಟೀಲು ಟೀಚರ ಮನೆಯಲ್ಲೇ, ಹಾಗಾಗಿ ಎಲ್ಲರೂ ಅಲ್ಲೇ ಸೇರಿದರು. ಇಪ್ಪತ್ತು ಜನರಿದ್ದರು. ಪಾಠ ಬಿಡಿಸಿದ ತಾಯಂದಿರು ಗೋಡೆಗೆ ಒರಗಿ ನಿಂತಿದ್ದರು. ಗುಮಾಸ್ತರ ಹೆಂಡತಿ ಅಕ್ಕನ ಪಕ್ಕ ಕೂತಿದ್ದಳು. ಎಲ್ಲರಿಗಿಂತ ಮುಂದೆ, ಮಕ್ಕಳ ಪುಟ್ಟ ಕುರ್ಚಿಯ ಮೇಲೆ, ಮಂಡಿ ಎದೆಗೆ ತಾಗುವಂತೆ ಆದರೆ ಬೆನ್ನು ಕೋಲಿನಂತೆ ನೆಟ್ಟಗೆ, ಡ್ರಿಲ್ ಮಾಸ್ತರು. ಸಭೆ ಮುಗಿದ ಮೇಲೆ ಮನೆಯ ಮಾತು ಮುಗಿಸುವುದೆಂದು ಅವರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು.

"ಈಗ ಅಧ್ಯಕ್ಷರು ಮಾತಾಡ್ತಾರೆ!" ಎಂದ ಟೈಲರು.

ಗುಮಾಸ್ತರು ಎದ್ದು ನಿಂತರು.

"ನಮ್ಮ ಬೀದೀಲಿ ಕಳ್ಳತನ ಆಗಿಲ್ಲ."

ಟೈಲರು ಹತ್ತಿರ ಬಂದು ಭುಜ ಹಿಡಿದ. "ಹೆದರಬೇಡಿ ಸಾರ್. ಯಾರು ಬೆದರಿಸಿದ್ರು ಹೇಳಿ."

"ಯಾರೂ ಬೆದರಿಸಿಲ್ಲಪ್ಪಾ."

"ಹಾಗೇ ಹೇಳು ಅಂತಾನೇ ಬೆದರಿಸಿರ್ತಾರೆ! ನೋಡ್ರಪ್ಪಾ, ಅಧ್ಯಕ್ಷರ ಬಾಯೇ ಕಟ್ಟಿಸಿದಾರೆ!"

ಹಜಾರದಲ್ಲಿ ಗುಜುಗುಜು ಎದ್ದಿತು. ಒಬ್ಬ ತಾಯಿ ಅಯ್ಯೋ ಎಂದಳು. ಸತ್ಯ ಹೇಳುವುದು ಇಷ್ಟು ಕಷ್ಟವೆಂದು ಗುಮಾಸ್ತರಿಗೆ ಗೊತ್ತಿರಲಿಲ್ಲ. ಸುಳ್ಳಿಗೆ ಒಂದೇ ಗೀಟು ಸಾಕಾಗಿತ್ತು! ಕೊನೆಗೆ ಅವರು ಟೀಚರ ಕಪ್ಪು ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ಹಿಡಿದರು. ಒಂದು ಎಂದು ಬರೆದರು.

"ಇದು ಕಚೇರೀಲಿ ಇದ್ದದ್ದು."

ಪಕ್ಕದಲ್ಲಿ ಇನ್ನೊಂದು ಗೀಟು ಎಳೆದರು.

"ಇದು ನಾನು ಎಳೆದದ್ದು."

ಆಮೇಲೆ ಎರಡನ್ನೂ ಅಂಗೈಯಿಂದ ಒರೆಸಿದರು. ಟೈಲರು ನೆಲ ನೋಡುತ್ತಿದ್ದ. ಪಂಪಿನ ಮಾತನ್ನು ಗುಮಾಸ್ತರು ಎತ್ತಲಿಲ್ಲ. "ನಿಜವಾದ ಲೆಕ್ಕ ಸೊನ್ನೆ. ದಫೇದಾರರನ್ನ ಕೇಳಿ ಬೇಕಾದ್ರೆ. ಸುಳ್ಳು ಬರೆದವನು ನಾನು."

ಟೀಚರೇ ಮೆತ್ತಗೆ ಕೇಳಿದರು.

"ಯಾಕಪ್ಪಾ?"

ಗುಮಾಸ್ತರು ಹೆಂಡತಿಯ ಕಡೆ ನೋಡಿದರು. ಆಕೆಗೆ ಆಗಲೇ ಅರ್ಥವಾಗಿತ್ತು. ಇಪ್ಪತ್ತೆರಡು ವರ್ಷ ಜೊತೆಗೆ ಸಂಸಾರ ಮಾಡಿದವಳು. ಆಕೆಯ ಕಣ್ಣು, ಇನ್ನು ನೀವೇ ಹೇಳಿ ಮುಗಿಸಿ, ಎನ್ನುತ್ತಿತ್ತು.

"ಭಾವ ಈ ಮನೆಗೆ ಬರದೇ ಇರಲಿ ಅಂತ."

ಇಪ್ಪತ್ತು ತಲೆಗಳು ಒಟ್ಟಿಗೆ ಪುಟ್ಟ ಕುರ್ಚಿಯ ಕಡೆ ತಿರುಗಿದವು. ಡ್ರಿಲ್ ಮಾಸ್ತರು ಮಾತಾಡಿದರು. ಅವರ ಬದುಕಿನಲ್ಲಿ ಮೊದಲ ಸಲ ಪಕ್ಕದ ಮನೆಗೆ ಕೇಳಿಸದಂಥ ದನಿ.

"ಹೋದ ವರ್ಷ ನಾಲ್ಕು ದಿನ ಇದ್ದೆ. ಬಗ್ಗುವಾಗೆಲ್ಲ ನೀನು ಹಲ್ಲು ಬಿಟ್ಕೊಂಡು ನಗ್ತಿದ್ದೆ. ಖುಷಿಯಾಗಿದೀಯ ಅಂದ್ಕೊಂಡೆನಯ್ಯಾ."

"ಅದು ನಗು ಅಲ್ಲ ಭಾವ" ಎಂದರು ಗುಮಾಸ್ತರು. "ಸೊಂಟ ಹಿಡ್ಕೊಂಡಿತ್ತು."

ಯಾರೋ ಕಿಸಕ್ಕೆಂದರು. ಮಾಸ್ತರು ನಗಲಿಲ್ಲ. ಎದ್ದು ಟೀಚರ ಮುಂದೆ ನಿಂತರು.

"ಟೀಚರ್, ಬೀದಿ ಒಳ್ಳೇದು ಅಂತ ಗೊತ್ತಾಯ್ತು. ಹಾಗಾದ್ರೆ ಮನೆ ಬೆಲೇನೂ ಮೊದಲಿಂದೇ ಆಗ್ಬೇಕು. ಸುಳ್ಳಿನ ಮೇಲೆ ಇಳಿದ ಬೆಲೆಗೆ ನಾನು ತಗೊಳ್ಳೋದು ಸರಿಯಲ್ಲ. ಮೊದಲು ಕೇಳಿದ್ರಲ್ಲ ಆ ಮೂರು ಜನ, ಅವರಿಗೆ ಫೋನ್ ಮಾಡಿ." ಆಮೇಲೆ ಗುಮಾಸ್ತರ ಕಡೆ ತಿರುಗಿ, "ಮೂವತ್ನಾಲ್ಕು ವರ್ಷ ಸಾವಿರಾರು ಮಕ್ಕಳು ನಾನು ಹೇಳಿದ ಹಾಗೆ ಕೈ ಎತ್ತಿದ್ರಯ್ಯಾ. ಈಗ ಬೆಳಗ್ಗೆ ಎದ್ರೆ ಮುಂದೆ ನಿಲ್ಲಕ್ಕೆ ಒಬ್ಬರೂ ಇಲ್ಲ. ಇಲ್ಲಿ ಬಂದ್ರೆ ನೀನ್ ಒಬ್ಬನಾದ್ರೂ ಇರ್ತೀಯ ಅಂತ..." ಎಂದು ಮಾತು ನಿಲ್ಲಿಸಿದರು. ಹೊಸ ಅಂಗಿಯ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತ ನಿಂತರು.

ಗೋಡೆಯ ಹತ್ತಿರ ತಾಯಂದಿರು ಟೀಚರನ್ನು ಸುತ್ತುಗಟ್ಟಿ, "ಮಕ್ಕಳನ್ನ ನಾಳೆಯಿಂದಾನೇ ಕಳಿಸ್ತೀವಿ ಟೀಚರ್, ನೀವು ಹೋಗೋ ತನಕನಾದ್ರೂ" ಎನ್ನುತ್ತಿದ್ದರು. ಟೈಲರು ಹಿಂಬಾಗಿಲಿನಿಂದ ಸದ್ದಿಲ್ಲದೆ ಜಾರಿಕೊಂಡ. ಗುಮಾಸ್ತರಿಗೆ ಅದೊಂದೂ ಕಾಣಲಿಲ್ಲ. ಅಷ್ಟು ದೊಡ್ಡ ಆಳು ಗುಂಡಿ ತಿರುಗಿಸುತ್ತ ನಿಂತದ್ದನ್ನು ನೋಡಲಾಗಲಿಲ್ಲ. ಎದೆ ತುಂಬಿ ಬಂದಾಗ ಬಾಯಿ ತಲೆಯನ್ನು ಕೇಳುವುದಿಲ್ಲ.

"ಭಾವ! ಎದುರುಮನೆ ಯಾಕೆ? ನಮ್ಮ ಮನೆ ಇಲ್ವಾ? ಮಹಡಿ ಮೇಲೆ ಎರಡು ಕೋಣೆ ಖಾಲಿ ಬಿದ್ದಿವೆ. ಬಂದು ಇರಿ. ನಿಮಗೆಷ್ಟು ದಿನ ಬೇಕೋ ಅಷ್ಟು ದಿನ ಇರಿ!"

ಇಂಥ ಮಾತಿಗೆ ಲೋಕದಲ್ಲಿ ಒಂದು ಉತ್ತರವಿದೆ. ಅಯ್ಯೋ, ನಿಮಗೆ ಯಾಕೆ ತೊಂದರೆ, ಅಷ್ಟಂದಿರಲ್ಲ ಸಾಕು, ಎನ್ನಬೇಕು. ಗುಮಾಸ್ತರು ಆ ಉತ್ತರಕ್ಕಾಗಿ ಕಣ್ಣೊರೆಸಿಕೊಳ್ಳುತ್ತ ಕಾದರು.

"ನಿಜವಾಗ್ಲೂನಾ?" ಎಂದರು ಮಾಸ್ತರು. ದನಿ ಒಂದೇ ಏಟಿಗೆ ಬೇಕರಿಯ ತಿರುವಿನವರೆಗೆ ವಾಪಸು ಬಂದಿತ್ತು. "ಕೇಳಿದ್ಯೇನೇ? ನಮ್ಮ ಬಾಡಿಗೆ ಮನೆ ಈ ತಿಂಗಳ ಕೊನೆಗೆ ಬಿಡಬೇಕು, ಎಲ್ಲಿ ಹೋಗೋದು ಅಂತ ಒದ್ದಾಡ್ತಿದ್ವಿ! ಶನಿವಾರಾನೇ ಸಾಮಾನು ತರ್ತೀವಿ ಕಣಯ್ಯಾ! ನೀನು ಬಂಗಾರದಂಥ ಮನುಷ್ಯ!"

ಎಂದವರೇ ಗುಮಾಸ್ತರನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿಕೊಂಡರು. ಎಲ್ಲೋ ಒಂದು ಎಲುಬು ಲಟಕ್ಕೆಂದಿತು. ಅಕ್ಕ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡಳು. ಇಡೀ ಹಜಾರ ಚಪ್ಪಾಳೆ ತಟ್ಟಿತು.

ಬೀದಿ ದಾಟಿ ಮನೆಗೆ ಬರುವಾಗ ಗುಮಾಸ್ತರು ಪೆಚ್ಚಾಗಿ ಹೆಂಡತಿಯ ಪಕ್ಕ ನಡೆದರು. ಬೈಗುಳ ಈಗ ಬರುತ್ತದೆ, ಆಗ ಬರುತ್ತದೆ ಎಂದು ಕಾದರು. ಬರಲಿಲ್ಲ. ಬಾಗಿಲ ಹತ್ತಿರ ನಿಂತು, ಏನಾದರೂ ಹೇಳಬೇಕಲ್ಲ ಎಂದು ಬಾಯಿ ತೆರೆದರು.

ಹೆಂಡತಿ ಮೆಲ್ಲಗೆ ಅವರ ತೋಳು ಹಿಡಿದಳು.

"ರೀ, ಸುಳ್ಳು ಹೇಳಿ ಭಾವನ್ನ ಎದುರುಮನೆಗೆ ಕರೆಸಿದ್ರಿ. ನಿಜ ಹೇಳಿ ನಮ್ಮನೆಗೇ ಕರೆಸಿದ್ರಿ. ಇನ್ನೊಂದು ಸ್ವಲ್ಪ ದಿನ ನೀವು ಏನೂ ಹೇಳ್ಬೇಡಿ."